ಹಳೆಯ ಕಾರಿನ ನಟ್ಟು, ಬೋಲ್ಟು, ಸ್ಕ್ರೂ, ಕ್ಲಿಪ್ಪುಗಳನ್ನು ಹುಡುಕುವ ಕ್ರಮ: ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರಿಗೆ

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಅಥವಾ ವಿಲ್ಲಿಸ್ ಜೀಪನ್ನು ಮೂಲ ರೂಪಕ್ಕೆ ತರಲು ಹೊರಟವರು ಎಂಜಿನ್ನಿಗೆ ಎಷ್ಟು, ಬಾಡಿ ಕೆಲಸಕ್ಕೆ ಎಷ್ಟು, ಬಣ್ಣಕ್ಕೆ ಎಷ್ಟು ಎಂಬ ಲೆಕ್ಕವನ್ನು ಮೊದಲೇ ಹಾಕಿಕೊಂಡಿರುತ್ತಾರೆ. ಆದರೆ ಕೆಲಸ ತಿಂಗಳುಗಟ್ಟಲೆ ನಿಲ್ಲುವುದು ಡ್ಯಾಶ್‌ಬೋರ್ಡಿನ ಒಂದು ಸ್ಕ್ರೂ, ಕಾರ್ಬುರೇಟರಿನ ಒಂದು ಸಣ್ಣ ನಟ್ಟು, ಬೀಡಿಂಗನ್ನು ಹಿಡಿದಿಡುವ ಒಂದು ಕ್ಲಿಪ್ಪು ಸಿಗದೆ. ಆಗ ಗ್ಯಾರೇಜಿನಲ್ಲಿ ಕೈಗೆ ಸಿಕ್ಕ 8 ಎಂಎಂ ಬೋಲ್ಟನ್ನು ಹಾಕುವುದು, ಅದು ಹೋಗದಿದ್ದರೆ ತೂತನ್ನು ದೊಡ್ಡದು ಮಾಡಿ ಟ್ಯಾಪ್ ಎಂಬ ಉಪಕರಣದಿಂದ ಒಳಗೆ ಹೊಸ ಹಲ್ಲು ಕೊರೆಯುವುದು ರೂಢಿಯಾಗಿದೆ. ಹಾಗೆ ಮಾಡಿದ ಮೇಲೆ ಮೂಲ ಬೋಲ್ಟು ಸಿಕ್ಕರೂ ಕೂರಿಸಲು ಜಾಗವಿರುವುದಿಲ್ಲ.

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿಸಿಕೊಂಡ ಖಾಸಗಿ ವಾಹನವನ್ನು ವಿಂಟೇಜ್ ವಾಹನವೆಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಅದರ ಷರತ್ತು. ಒಂದು ಬೋಲ್ಟು ಬದಲಾದರೆ ಯಾರೂ ಕೇಳಲಿಕ್ಕಿಲ್ಲ. ಆದರೂ ಬಾಡಿಯಲ್ಲಿ ಕಂಡಕಂಡಲ್ಲಿ ಕೊರೆದ ತೂತುಗಳು ಕಾರಿನ ಮೂಲ ರೂಪವನ್ನು ಸ್ವಲ್ಪ ಸ್ವಲ್ಪವಾಗಿ ಅಳಿಸುತ್ತವೆ ಎಂಬುದು ನನ್ನ ದೃಢ ಅಭಿಪ್ರಾಯ. ಸಣ್ಣ ಭಾಗಗಳನ್ನು ಹುಡುಕುವಾಗ ಮೊದಲು ಥ್ರೆಡ್ (ಬೋಲ್ಟು, ನಟ್ಟುಗಳ ಸುರುಳಿ ಹಲ್ಲು), ಆಮೇಲೆ ಗಟ್ಟಿತನ, ಕೊನೆಗೆ ಹೊರನೋಟ ಎಂಬ ಕ್ರಮವನ್ನು ಬಿಡಬಾರದು. ಅಂಗಡಿಯ ವಿಷಯದಲ್ಲಿಯೂ ಅಷ್ಟೇ: ವಿಂಟೇಜ್ ಕಾರಿನ ಸಾಮಾನು ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವುದಕ್ಕಿಂತ, ಅದೇ ಥ್ರೆಡ್ಡನ್ನು ಇಂದಿಗೂ ಬಳಸುತ್ತಿರುವ ಕಸುಬು ಯಾವುದು ಎಂದು ವಿಚಾರಿಸಿದವರಿಗೆ ಭಾಗ ಬೇಗ ಸಿಗುತ್ತದೆ.

ಬಿಚ್ಚುವಾಗಲೇ ಹುಡುಕಾಟ ಆರಂಭ

ಮೂಲ ಭಾಗಗಳ ದೊಡ್ಡ ದಾಸ್ತಾನು ನಿಮ್ಮ ಕಾರಿನಲ್ಲಿಯೇ ಇದೆ. ನಮ್ಮ ಮೂರು ಜಿಲ್ಲೆಗಳ ಒಣ ಹವೆ ಇದಕ್ಕೆ ಅನುಕೂಲವಾಗಿದೆ. ಕರಾವಳಿಯ ಕಾರುಗಳಲ್ಲಿ ಉಪ್ಪುಗಾಳಿಗೆ ಬೋಲ್ಟಿನ ತಲೆಯೇ ಕರಗಿ ಹೋಗಿರುವುದುಂಟು. ಇಲ್ಲಿ ಕಾರಿನಡಿಯಲ್ಲಿ ಎರೆಮಣ್ಣು, ಅಥವಾ ಸಂಡೂರು ಕಡೆ ಓಡಾಡಿದ ಗಾಡಿಯಾದರೆ ಅದಿರಿನ ಕೆಂಪು ಧೂಳು, ಗ್ರೀಸಿನೊಂದಿಗೆ ಸೇರಿ ಗಟ್ಟಿಯಾಗಿ ಮೆತ್ತಿಕೊಂಡಿರುತ್ತದೆ. ಅದನ್ನು ಕೆರೆದು ತೆಗೆದರೆ ಒಳಗಿನ ಬೋಲ್ಟು ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ.

ಹಾಗಾಗಿ ಮೊದಲು ಡೀಸೆಲ್ ಮತ್ತು ಬ್ರಷ್ಷಿನಿಂದ ಜಾಗವನ್ನು ತೊಳೆದು, ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ ಒಂದು ರಾತ್ರಿ ಬಿಡಬೇಕು. ಮರುದಿನ ನೇರವಾಗಿ ಬಿಚ್ಚಲು ಹೋಗದೆ, ಮೊದಲು ಬಿಗಿಮಾಡುವ ದಿಕ್ಕಿನಲ್ಲಿ ತುಸು ಅಲುಗಿಸಿ, ಆಮೇಲೆ ಹಿಂದಕ್ಕೆ ತಿರುಗಿಸಬೇಕು. ಪಾನಾ ಸರಿಯಾದ ಅಳತೆಯದ್ದಾಗಿರುವುದು ಬಹಳ ಮುಖ್ಯ. ಅಂಬಾಸಿಡರ್, ಹೆರಾಲ್ಡ್, ಜೀಪುಗಳಲ್ಲಿ ಬರುವ ಅರ್ಧ ಇಂಚಿನ ತಲೆ 12.7 ಎಂಎಂ ಇರುವುದರಿಂದ 13ರ ಪಾನಾ ಅದಕ್ಕೆ ಸಡಿಲವಾಗುತ್ತದೆ, ಎರಡು ಸಲ ಜಾರಿದರೆ ಮೂಲೆಗಳು ಸವೆದು ಆ ಬೋಲ್ಟು ಕೆಟ್ಟಂತೆಯೇ. 9/16 ಇಂಚಿನ ತಲೆ 14.3 ಎಂಎಂ ಇರುತ್ತದೆ. ಅದಕ್ಕೆ 14ರ ಪಾನಾ ಕೂರುವುದೇ ಇಲ್ಲ. 7/16, 1/2, 9/16 ಇಂಚಿನ ಪಾನಾ ಮತ್ತು ಆರು ಮೂಲೆಯ ಸಾಕೆಟ್ಟುಗಳನ್ನು ಕೊಂಡುಕೊಳ್ಳದೆ ಕೆಲಸಕ್ಕೆ ಕೈ ಹಾಕಬೇಡಿ. ಬೆಂಕಿ ತೋರಿಸಿ ಸಡಿಲಿಸುವುದಾದರೆ ಪೆಟ್ರೋಲ್ ಟ್ಯಾಂಕು, ಪೆಟ್ರೋಲ್ ಪೈಪು, ಬ್ರೇಕ್ ಪೈಪುಗಳ ಹತ್ತಿರ ಅದನ್ನು ಮಾಡಲೇಬಾರದು.

ಇನ್ನೊಂದು ಎಚ್ಚರಿಕೆ ಹಳೆಯ ವಿಲ್ಲಿಸ್ ಜೀಪಿನವರಿಗೆ. ಅವುಗಳ ಎಡಬದಿಯ ಚಕ್ರಗಳ ನಟ್ಟುಗಳಿಗೆ ಎಡ ಥ್ರೆಡ್ ಇರುತ್ತದೆ, ಅಂದರೆ ಉಳಿದ ಎಲ್ಲ ನಟ್ಟುಗಳಿಗೂ ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದರೆ ಮಾತ್ರ ಅವು ಬಿಚ್ಚುತ್ತವೆ. ಇದನ್ನು ತಿಳಿಯದೆ ಪೈಪು ಸಿಕ್ಕಿಸಿ ಬಲ ಹಾಕಿದವರಿಂದ ಸ್ಟಡ್ಡುಗಳು ಮುರಿದಿರುವುದುಂಟು.

ಬಿಚ್ಚಿದ ಪ್ರತಿಯೊಂದನ್ನೂ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದು ಎಲ್ಲಿಂದ ಬಂತು, ಎಷ್ಟಿದ್ದವು, ವಾಷರುಗಳು ಯಾವ ಕ್ರಮದಲ್ಲಿದ್ದವು ಎಂಬುದನ್ನು ಚೀಟಿಯಲ್ಲಿ ಬರೆದಿಡಬೇಕು. ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು ಒಳ್ಳೆಯದು. ಮುರಿದದ್ದು, ಬಾಗಿದ್ದು, ತುಕ್ಕು ತಿಂದದ್ದು ಯಾವುದನ್ನೂ ಎಸೆಯಬಾರದು, ಏಕೆಂದರೆ ಅಂಗಡಿಯ ಕೌಂಟರಿನ ಮೇಲೆ ಮಾದರಿಯಾಗಿ ಇಡಬೇಕಾದದ್ದು ಅದನ್ನೇ.

ಥ್ರೆಡ್ಡನ್ನು ಗುರುತಿಸುವುದು

ಈ ಕೆಲಸದ ಜೀವಾಳ ಇದು. ಒಂದು ವರ್ನಿಯರ್ ಮತ್ತು ಇಂಚು, ಎಂಎಂ ಎರಡೂ ಇರುವ ಪಿಚ್ ಗೇಜು ಇದ್ದರೆ ಸಾಕು. ಬೋಲ್ಟಿನ ಹೊರವ್ಯಾಸವನ್ನು ವರ್ನಿಯರಿನಲ್ಲಿ ಅಳೆದು, ಪಿಚ್ ಗೇಜಿನ ಹಲ್ಲುಗಳನ್ನು ಥ್ರೆಡ್ಡಿನ ಮೇಲಿಟ್ಟು ಬೆಳಕಿಗೆ ಹಿಡಿಯಬೇಕು. ಹಲ್ಲುಗಳ ನಡುವೆ ಬೆಳಕು ತೂರದಿದ್ದರೆ ಅದೇ ಅದರ ಪಿಚ್, ಅಂದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ಅಂತರ; ಇಂಚಿನ ಬೋಲ್ಟುಗಳಲ್ಲಿ ಇದನ್ನು ಇಂಚಿಗೆ ಎಷ್ಟು ಥ್ರೆಡ್ ಎಂದು ಎಣಿಸುತ್ತಾರೆ.

ನಮ್ಮ ಕಡೆಯ ಹಳೆಯ ವಾಹನಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಥ್ರೆಡ್ಡುಗಳು ಎದುರಾಗುತ್ತವೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ರೂಪಿಸಿದ ವಿಟ್‌ವರ್ತ್ ಥ್ರೆಡ್, ಅಂದರೆ ಬಿಎಸ್‌ಡಬ್ಲ್ಯು, ಮತ್ತು ಅದರ ಸಣ್ಣ ಪಿಚ್ಚಿನ ತಮ್ಮನಾದ ಬಿಎಸ್‌ಎಫ್ ಒಂದು ಗುಂಪು. ಇವುಗಳ ಹಲ್ಲಿನ ಕೋನ 55 ಡಿಗ್ರಿ. 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಸೇರಿ ಒಪ್ಪಿಕೊಂಡ ಯೂನಿಫೈಡ್ ಥ್ರೆಡ್ಡುಗಳಾದ ಯುಎನ್‌ಸಿ (ದೊಡ್ಡ ಪಿಚ್) ಮತ್ತು ಯುಎನ್‌ಎಫ್ (ಸಣ್ಣ ಪಿಚ್, ಫೈನ್) ಎರಡನೆಯ ಗುಂಪು. ಇವುಗಳ ಕೋನ 60 ಡಿಗ್ರಿ. ಮೂರನೆಯದು ಮೆಟ್ರಿಕ್, ಇದರ ಕೋನವೂ 60 ಡಿಗ್ರಿಯೇ. ನಾಲ್ಕನೆಯದು ಬಿಎ ಎಂಬ ಸೂಕ್ಷ್ಮ ಥ್ರೆಡ್. ಇದರ ಕೋನ ನಲವತ್ತೇಳೂವರೆ ಡಿಗ್ರಿ. ಬ್ರಿಟಿಷ್ ಮೂಲದ ಕಾರುಗಳ ಲೂಕಾಸ್ ವಿದ್ಯುತ್ ಉಪಕರಣ, ಡ್ಯಾಶ್‌ಬೋರ್ಡಿನ ಮೀಟರು, ಎಸ್‌ಯು ಕಾರ್ಬುರೇಟರುಗಳ ಸಣ್ಣ ಸ್ಕ್ರೂಗಳಲ್ಲಿ ಬಿಎ ಕಾಣಿಸಿಕೊಳ್ಳುತ್ತದೆ.

ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ ಮೂರರಿಂದ ಹುಟ್ಟಿ 2014ರವರೆಗೆ ಉತ್ತರಪಾರದಲ್ಲಿ ತಯಾರಾದ ಅಂಬಾಸಿಡರಿನಲ್ಲಿ ಬಹುಪಾಲು ಯುಎನ್‌ಎಫ್ ಇರುತ್ತದೆ. ಆದರೆ 1990ರ ದಶಕದಲ್ಲಿ ಬಂದ ಇಸುಝು ಎಂಜಿನ್ನಿನ ಅಂಬಾಸಿಡರ್ ಆಗಿದ್ದರೆ ಎಂಜಿನ್ ಮೆಟ್ರಿಕ್, ಬಾಡಿ ಇಂಚು. ಒಂದೇ ಕಾರಿಗೆ ಎರಡು ಬಗೆಯ ಪಾನಾ ಬೇಕಾಗುತ್ತದೆ. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಮುಖ್ಯವಾಗಿ ಯುಎನ್‌ಎಫ್. ಫಿಯಟ್ 1100ರಿಂದ ಬಂದ, 1974ರಿಂದ ಪದ್ಮಿನಿ ಎಂಬ ಹೆಸರು ಪಡೆದ ಕಾರು ಪೂರ್ತಿ ಮೆಟ್ರಿಕ್ ಆಗಿರುವುದರಿಂದ ಅದರ ಮಾಲೀಕರಿಗೆ ಈ ವಿಷಯದಲ್ಲಿ ಅರ್ಧ ಕಷ್ಟ ಕಡಿಮೆ. ಆದರೂ 10 ಎಂಎಂ ಬೋಲ್ಟುಗಳಲ್ಲಿ ಅಂಗಡಿಯ ಸಾಮಾನ್ಯ 1.5 ಪಿಚ್ಚಿನ ಬದಲು 1.25 ಪಿಚ್ ಬೇಕಾಗುವ ಜಾಗಗಳಿವೆ, ಆದ್ದರಿಂದ ಅಲ್ಲಿಯೂ ಅಳೆಯದೆ ಕೊಳ್ಳಬಾರದು. ವಿಲ್ಲಿಸ್ ಜೀಪಿನ ಅಮೆರಿಕನ್ ಥ್ರೆಡ್ಡುಗಳು ಯುಎನ್‌ಎಫ್, ಯುಎನ್‌ಸಿಗಳಿಗೆ ಹೊಂದುತ್ತವೆ. 1950ಕ್ಕಿಂತ ಹಿಂದಿನ ಬ್ರಿಟಿಷ್ ಕಾರು ನಿಮ್ಮಲ್ಲಿದ್ದರೆ ಬಿಎಸ್‌ಎಫ್ ಮತ್ತು ಬಿಎಸ್‌ಡಬ್ಲ್ಯು ಎಂದು ಊಹಿಸಿ ಅಳೆಯಲು ಆರಂಭಿಸಿ.

ಜನ ಮೋಸಹೋಗುವುದು ಅಳತೆಗಳು ಒಂದಕ್ಕೊಂದು ತೀರ ಹತ್ತಿರವಿರುವ ಕಡೆ. 5/16 ಇಂಚಿನ ಬೋಲ್ಟು 7.94 ಎಂಎಂ, ಮೆಟ್ರಿಕ್ ಬೋಲ್ಟು 8 ಎಂಎಂ; ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಆದರೆ ಯುಎನ್‌ಎಫ್ಫಿನಲ್ಲಿ ಇಂಚಿಗೆ 24 ಥ್ರೆಡ್ಡುಗಳಿದ್ದರೆ 8 ಎಂಎಂ ಬೋಲ್ಟಿನಲ್ಲಿ ಸುಮಾರು 20 ಮಾತ್ರ, ಹಾಗಾಗಿ ಎರಡು ಸುತ್ತು ಹೋಗಿ ಸಿಕ್ಕಿಬೀಳುತ್ತದೆ, ಆಗ ಬಲ ಹಾಕಿದರೆ ಕಾರಿನ ಥ್ರೆಡ್ಡೇ ಹೋಗುತ್ತದೆ. ಬಿಎಸ್‌ಎಫ್ ಮತ್ತು ಯುಎನ್‌ಎಫ್ ನಡುವೆಯೂ ಹೀಗೆಯೇ: ಕಾಲು ಇಂಚಿಗೆ 26 ಮತ್ತು 28, 5/16ಕ್ಕೆ 22 ಮತ್ತು 24, 3/8ಕ್ಕೆ 20 ಮತ್ತು 24. ಅದಕ್ಕಿಂತ ಅಪಾಯಕಾರಿಯಾದದ್ದು ಬಿಎಸ್‌ಡಬ್ಲ್ಯು ಮತ್ತು ಯುಎನ್‌ಸಿ. ಕಾಲು ಇಂಚು, 5/16, 3/8ರಲ್ಲಿ ಇವೆರಡರ ಪಿಚ್ ಒಂದೇ ಇರುವುದರಿಂದ ಬೋಲ್ಟು ನಟ್ಟಿನೊಳಗೆ ಪೂರ್ತಿ ಹೋಗುತ್ತದೆ, ಆದರೆ ಕೋನ ಬೇರೆಯಾದ ಕಾರಣ ಹಿಡಿತ ಪೂರ್ತಿ ಇರುವುದಿಲ್ಲ. ನಮ್ಮ ಊರುಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೆಜಿ ಲೆಕ್ಕದಲ್ಲಿ ಮಾರುವ ಇಂಚಿನ ಬೋಲ್ಟುಗಳು ಸಾಮಾನ್ಯವಾಗಿ ವಿಟ್‌ವರ್ತ್. ಟ್ರೇಲರ್, ನೇಗಿಲು, ಗೇಟುಗಳಿಗೆ ಅವು ಸರಿ, ಅಂಬಾಸಿಡರಿಗೆ ಅಲ್ಲ.

ತಲೆಯ ಮೇಲಿನ ಗುರುತು

ಥ್ರೆಡ್ ತಿಳಿದ ಮೇಲೆ ಗಟ್ಟಿತನ ತಿಳಿಯಲು ಬೋಲ್ಟಿನ ತಲೆಯನ್ನು ಒರೆಸಿ ನೋಡಿ. ಇಂಚಿನ ಬೋಲ್ಟುಗಳಲ್ಲಿ ಅಮೆರಿಕನ್ ಪದ್ಧತಿಯ ಮೂರು ಗೆರೆಗಳಿದ್ದರೆ ಅದು ಗ್ರೇಡ್ 5, ಆರು ಗೆರೆಗಳಿದ್ದರೆ ಗ್ರೇಡ್ 8. ಮೆಟ್ರಿಕ್ಕಿನಲ್ಲಿ 8.8, 10.9 ಎಂದು ಅಂಕಿಯೇ ಇರುತ್ತದೆ, 8.8 ಎಂದರೆ ಎಳೆಯುವ ಬಲಕ್ಕೆ ಸುಮಾರು 800 ಮೆಗಾಪ್ಯಾಸ್ಕಲ್‌ವರೆಗೆ ತಡೆದುಕೊಳ್ಳುವ ಉಕ್ಕು. ಗ್ರೇಡ್ 5 ಹೆಚ್ಚುಕಡಿಮೆ 8.8ಕ್ಕೂ, ಗ್ರೇಡ್ 8 ಹೆಚ್ಚುಕಡಿಮೆ 10.9ಕ್ಕೂ ಸಮ. ಹಳೆಯ ಬ್ರಿಟಿಷ್ ಬೋಲ್ಟುಗಳ ತಲೆಯ ಮೇಲೆ ಆರ್, ಎಸ್ ಎಂಬ ಅಕ್ಷರಗಳು ಹೈ-ಟೆನ್ಸೈಲ್, ಅಂದರೆ ಹೆಚ್ಚು ಎಳೆತ ತಡೆಯುವ ಉಕ್ಕು, ಎಂಬುದನ್ನು ಸೂಚಿಸುತ್ತವೆ, ಮತ್ತು ಯೂನಿಫೈಡ್ ಥ್ರೆಡ್ ಇದ್ದರೆ ತಲೆಯ ನಡುವೆ ದುಂಡು ಗುಳಿಯೋ, ಬದಿಯಲ್ಲಿ ಒಂದಕ್ಕೊಂದು ತಾಗಿದ ಸಣ್ಣ ವೃತ್ತಗಳೋ ಇರುತ್ತವೆ.

ತಯಾರಕರ ಅಚ್ಚು ಕಾಲವನ್ನೂ ಹೇಳುತ್ತದೆ. ಟಿವಿಎಸ್ ಎಂದು ಅಚ್ಚಾದ ಬೋಲ್ಟುಗಳು 1960ರ ದಶಕದಲ್ಲಿ ಶುರುವಾದ ಚೆನ್ನೈನ ಸುಂದರಂ ಫಾಸ್ಟನರ್ಸ್ ಸಂಸ್ಥೆಯವು. 1950ರ ದಶಕದ ಜೀಪಿನಲ್ಲಿ ಅದು ಕಂಡರೆ ನಂತರ ಬದಲಿಸಿದ್ದೆಂದು ತಿಳಿಯಬೇಕು. ಅದು ಒಳ್ಳೆಯ ಬೋಲ್ಟೇ, ಆದ್ದರಿಂದ ಕಣ್ಣಿಗೆ ಕಾಣದ ಕಡೆ ಇರಲಿ ಬಿಡಿ. ಸ್ಕ್ರೂಗಳಲ್ಲಿಯೂ ಹೀಗೆ ನೋಡಬಹುದು: ಕೂಡುಗುರುತಿನ ನಾಲ್ಕು ತೋಳುಗಳ ನಡುವೆ ಮತ್ತೆ ನಾಲ್ಕು ಸಣ್ಣ ಗೆರೆಗಳಿದ್ದರೆ ಅದು ಪೋಝಿಡ್ರೈವ್, ಅದು 1960ರ ದಶಕಕ್ಕಿಂತ ಹಿಂದಿನ ಕಾರಿಗೆ ಸೇರಿದ್ದಲ್ಲ.

ಬಿಡಿಭಾಗಗಳ ಮೂಲ ಪಟ್ಟಿ ಸಿಕ್ಕರೆ ಅರ್ಧ ಕೆಲಸ ಮುಗಿಯುತ್ತದೆ. ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಾಲದ ಬ್ರಿಟಿಷ್ ಪಟ್ಟಿಗಳಲ್ಲಿ ಬೋಲ್ಟಿನ ಸಂಖ್ಯೆಯೇ ಅದರ ಅಳತೆ. ಎಚ್‌ಝಡ್‌ಎಸ್ 0504 ಎಂದಿದ್ದರೆ ಅದು ಯುಎನ್‌ಎಫ್ ಥ್ರೆಡ್ಡಿನ ಬೋಲ್ಟು. 05 ಎಂದರೆ ಇಂಚಿನ ಹದಿನಾರನೇ ಐದು ಭಾಗ ದಪ್ಪ, 04 ಎಂದರೆ ಎಂಟನೇ ನಾಲ್ಕು ಭಾಗ, ಅಂದರೆ ಅರ್ಧ ಇಂಚು ಉದ್ದ. ಎಫ್‌ಎನ್‌ಝಡ್ 105 ಎಂಬುದು ಅದಕ್ಕೆ ಹೊಂದುವ ನಟ್ಟು. ಹೀಗೆ ಓದಲು ಕಲಿತರೆ ಕಳೆದುಹೋದ ಬೋಲ್ಟಿನ ಅಳತೆಯನ್ನೂ ಕೂತಲ್ಲಿಯೇ ಬರೆದುಕೊಳ್ಳಬಹುದು.

ಎಲ್ಲಿ ಹುಡುಕಬೇಕು

ಅಂಬಾಸಿಡರ್, ಹೆರಾಲ್ಡ್, ಜೀಪುಗಳವರು ಬೆಂಗಳೂರಿಗೆ ಹೊರಡುವ ಮೊದಲು ಗಂಗಾವತಿ, ಸಿಂಧನೂರು, ಸಿರುಗುಪ್ಪ, ಮಾನ್ವಿಗಳ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗಳಿಗೆ ಹೋಗಬೇಕು. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಸೀಮೆಯಲ್ಲಿ ಮ್ಯಾಸಿ ಫರ್ಗ್ಯುಸನ್ 1035ರಂಥ ಟ್ರ್ಯಾಕ್ಟರುಗಳು ಇನ್ನೂ ಕೆಲಸ ಮಾಡುತ್ತಿವೆ, ಅವುಗಳ ವಿನ್ಯಾಸ ಬ್ರಿಟಿಷ್ ಮೂಲದ್ದಾದ್ದರಿಂದ ಥ್ರೆಡ್ಡುಗಳು ಯುಎನ್‌ಎಫ್ ಮತ್ತು ಯುಎನ್‌ಸಿ. ಎಂಜಿನ್, ಗೇರ್‌ಬಾಕ್ಸುಗಳ ಹೈ-ಟೆನ್ಸೈಲ್ ಬೋಲ್ಟು, ಸ್ಪ್ರಿಂಗ್ ವಾಷರ್, ಕಿರೀಟದಂತೆ ಸೀಳಿದ ನಟ್ಟು, ಗ್ರೀಸ್ ನಿಪ್ಪಲ್, ತಾಮ್ರದ ವಾಷರುಗಳು ಈ ಅಂಗಡಿಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಅಂಗಡಿಯಲ್ಲಿ ಕಾರಿನ ಹೆಸರು ಹೇಳಿದರೆ ಇಲ್ಲ ಎಂಬ ಉತ್ತರ ಬರುತ್ತದೆ. ಮಾದರಿಯನ್ನು ಕೌಂಟರಿನ ಮೇಲಿಟ್ಟು, ‘ಅಣ್ಣಾರ, ಮೂರು ಸೂತು, ಫೈನ್ ಥ್ರೆಡ್, ಮ್ಯಾಸಿದು, ಒಂದೂವರೆ ಇಂಚು ಉದ್ದ ಕೊಡ್ರಿ’ ಎಂದು ಕೇಳಿದರೆ ಡಬ್ಬಿ ತೆರೆಯುತ್ತಾರೆ. ಒಂದು ಸೂತು ಎಂದರೆ ಇಂಚಿನ ಎಂಟನೇ ಒಂದು ಭಾಗ; ಎರಡು ಸೂತು ಕಾಲು ಇಂಚು, ಎರಡೂವರೆ ಸೂತು 5/16, ಮೂರು ಸೂತು 3/8. ಕೊಂಡ ಬೋಲ್ಟಿಗೆ ನಿಮ್ಮ ಹಳೆಯ ನಟ್ಟನ್ನು ಅಲ್ಲಿಯೇ ಕೈಯಿಂದ ತಿರುಗಿಸಿ ನೋಡಿಕೊಂಡು ಬರಬೇಕು.

ಬಿಎ ಸ್ಕ್ರೂಗಳಿಗೆ ದಾರಿ ಬೇರೆ. ಹಳೆಯ ರೇಡಿಯೊ, ವಿದ್ಯುತ್ ಫಲಕ, ಅಳತೆಯ ಮೀಟರುಗಳಲ್ಲಿ ಇವು ಇರುತ್ತವೆ. ಗುಜರಿಗೆ ಬಂದ ಅಂಥ ಫಲಕವೊಂದನ್ನು ಕೊಂಡು ಬಿಚ್ಚಿದರೆ ಹಿತ್ತಾಳೆಯ 2ಬಿಎ, 4ಬಿಎ ಸ್ಕ್ರೂ ಮತ್ತು ನಟ್ಟುಗಳು ದೊರೆಯಬಹುದು. 2ಬಿಎ ವ್ಯಾಸ 4.7 ಎಂಎಂ, 4ಬಿಎ 3.6 ಎಂಎಂ, ಇವುಗಳ ಜಾಗಕ್ಕೆ 5 ಅಥವಾ 4 ಎಂಎಂ ಸ್ಕ್ರೂವನ್ನು ತುರುಕಿ ಮೀಟರಿನ ಕವಚವನ್ನು ಒಡೆದುಕೊಳ್ಳಬೇಡಿ.

ಜೀಪಿನ ಕ್ಯಾನ್ವಾಸ್ ಹೊದಿಕೆ ಮತ್ತು ಕಾರಿನ ಒಳಗಿನ ಹೊದಿಕೆಗಳಿಗೆ ಬೇಕಾಗುವ ಐಲೆಟ್, ರಿವೆಟ್, ಟಿಚ್ ಬಟನ್ನುಗಳ ವಿಷಯದಲ್ಲಿ ಬಳ್ಳಾರಿಗಿರುವ ಅನುಕೂಲ ಬೇರೆ ಊರುಗಳಿಗೆ ಕಡಿಮೆ. ಇಲ್ಲಿನ ಜೀನ್ಸ್ ಹೊಲಿಗೆ ಉದ್ಯಮಕ್ಕೆ ಸಾಮಾನು ಪೂರೈಸುವ ಅಂಗಡಿಗಳಲ್ಲಿ ಇವುಗಳ ಹಲವು ಅಳತೆಗಳೂ, ಅವನ್ನು ಒತ್ತಿ ಕೂರಿಸುವ ಡೈಗಳೂ ಇರುತ್ತವೆ. ಮಾದರಿಯನ್ನು ಒಯ್ದು ವ್ಯಾಸವನ್ನೂ ಕೊಳವೆಯ ಉದ್ದವನ್ನೂ ಹೋಲಿಸಬೇಕು, ಏಕೆಂದರೆ ಜೀನ್ಸ್ ಬಟ್ಟೆಗಿಂತ ಮಡಚಿದ ಕ್ಯಾನ್ವಾಸ್ ದಪ್ಪ. ಜೇಬಿನಲ್ಲಿ ಒಂದು ಆಯಸ್ಕಾಂತ ಇಟ್ಟುಕೊಳ್ಳಿ. ಹಿತ್ತಾಳೆ ಎಂದು ಕೊಟ್ಟದ್ದು ಅಂಟಿಕೊಂಡರೆ ಅದು ಲೇಪ ಹಾಕಿದ ಕಬ್ಬಿಣ, ಒಂದು ಮಳೆಗಾಲಕ್ಕೆ ಬಟ್ಟೆಯ ಮೇಲೆ ತುಕ್ಕಿನ ಕಲೆ ಬಿಡುತ್ತದೆ.

ಎಲ್ಲಿಯೂ ಸಿಗದ ವಿಚಿತ್ರ ಆಕಾರದ ಸ್ಕ್ರೂ, ಹೆಗಲುಳ್ಳ ಬೋಲ್ಟು, ಹಿತ್ತಾಳೆಯ ನಟ್ಟುಗಳನ್ನು ಲೇಥಿನಲ್ಲಿ ಮಾಡಿಸಬಹುದು. ಗಣಿ, ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗುಗಳ ದುರಸ್ತಿ ಮಾಡಿ ನುರಿತ ಟರ್ನರುಗಳು ನಮ್ಮ ಮೂರೂ ಜಿಲ್ಲೆಗಳಲ್ಲಿದ್ದಾರೆ. ಉಕ್ಕಿನದ್ದಾದರೆ ಇಎನ್8 ಎಂಬ ದರ್ಜೆಯ ಉಕ್ಕಿನಲ್ಲಿ ಮಾಡಲು ಹೇಳಿ, ಮಾದರಿಯ ಜೊತೆಗೆ ಥ್ರೆಡ್ಡಿನ ಹೆಸರು ಮತ್ತು ಇಂಚಿಗೆ ಎಷ್ಟು ಎಂಬುದನ್ನು ಬರೆದುಕೊಡಬೇಕು, ಇಲ್ಲವಾದರೆ ಲೇಥಿಗೆ ಆಗಲೇ ಹಾಕಿರುವ ಗೇರಿನ ಪಿಚ್ಚೇ ನಿಮ್ಮ ಬೋಲ್ಟಿಗೂ ಬರುತ್ತದೆ. ಆದರೆ ಲೇಥಿನಲ್ಲಿ ಕೊರೆದ ಥ್ರೆಡ್, ಕಾರ್ಖಾನೆಯಲ್ಲಿ ಒತ್ತಿ ಉರುಳಿಸಿ ಮಾಡಿದ ಥ್ರೆಡ್ಡಿನಷ್ಟು ಗಟ್ಟಿಯಲ್ಲ. ಸ್ಟೀರಿಂಗ್, ಬ್ರೇಕ್, ಸಸ್ಪೆನ್ಷನ್, ಸಿಲಿಂಡರ್ ಹೆಡ್, ಕನೆಕ್ಟಿಂಗ್ ರಾಡುಗಳ ಬೋಲ್ಟುಗಳನ್ನು ಲೇಥಿನಲ್ಲಿ ಮಾಡಿಸಬಾರದು.

ಇಷ್ಟಾದರೂ ಉಳಿದದ್ದಕ್ಕೆ ದೂರದ ಪೇಟೆಗಳು. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರವಾದ್ದರಿಂದ ಸಿಕಂದರಾಬಾದಿನ ರಾಣಿಗಂಜ್ ಮೊದಲ ಆಯ್ಕೆಯಾಗಲಿ. ಬಳ್ಳಾರಿ, ಕೊಪ್ಪಳದವರು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಭಾಗಗಳನ್ನೂ, ಎಸ್.ಪಿ. ರಸ್ತೆಯಲ್ಲಿ ಸಣ್ಣ ಸ್ಕ್ರೂಗಳನ್ನೂ ವಿಚಾರಿಸಬಹುದು. ಬೋಲ್ಟುಗಳಿಗಾಗಿಯೇ ಹೆಸರಾದದ್ದು ಮುಂಬಯಿಯ ನಾಗದೇವಿ ಬೀದಿ. ಬಿಚ್ಚಿದ ಹಳೆಯ ಕಾರುಗಳ ಭಾಗಕ್ಕೆ ಚೆನ್ನೈನ ಪುದುಪೇಟೆ ಮತ್ತು ಕೋಲ್ಕತ್ತದ ಮಲ್ಲಿಕ್ ಬಜಾರ್ ಇವೆ. ಪಟ್ಟಿ ಪೂರ್ಣವಾದ ಮೇಲೆ ಒಮ್ಮೆ ಹೋಗಿ ಎಲ್ಲವನ್ನೂ ತರುವುದು ಲೇಸು, ಮತ್ತು ಪ್ರತಿಯೊಂದರಲ್ಲೂ ಒಂದೆರಡು ಹೆಚ್ಚಿಗೆ ಕೊಳ್ಳುವುದು ಇನ್ನೂ ಲೇಸು.

ಹಳೆಯದನ್ನು ಬಳಸಬಾರದ ಜಾಗಗಳು

ಡಬ್ಬಿ ಒಡೆಯದ ಹಳೆಯ ಸ್ಟಾಕು ಸಿಕ್ಕಿತೆಂದು ಎಲ್ಲವನ್ನೂ ಕೊಳ್ಳಬೇಡಿ. ಲೋಹದ ಭಾಗ ಮೇಣದ ಕಾಗದದಲ್ಲಿ ಸುತ್ತಿಟ್ಟಿದ್ದರೆ ದಶಕಗಳ ನಂತರವೂ ಹೊಸದರಂತೆಯೇ ಇರುತ್ತದೆ, ಆದರೆ ರಬ್ಬರು ಡಬ್ಬಿಯೊಳಗೂ ಮುದಿಯಾಗುತ್ತದೆ. ಬ್ರೇಕಿನ ರಬ್ಬರ್ ಕಪ್ಪು, ಹೋಸು, ಗ್ರೊಮೆಟ್ಟುಗಳನ್ನು ಎಂದಿಗೂ ಹೊಸದಾಗಿ ತಯಾರಾದದ್ದನ್ನೇ ಹಾಕಬೇಕು. ಸ್ಪ್ಲಿಟ್ ಪಿನ್ನು, ನೈಲಾನ್ ಉಂಗುರವಿರುವ ನಟ್ಟು, ಮಡಚುವ ಲಾಕ್ ವಾಷರುಗಳನ್ನು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಬಳಸಬಾರದು. ಸ್ಟೀರಿಂಗ್ ಮತ್ತು ಬ್ರೇಕುಗಳಲ್ಲಿ ಮೂಲ ಬೋಲ್ಟಿನ ಗ್ರೇಡಿಗೆ ಸಮನಾದ ಹೊಸ ಬೋಲ್ಟೇ ಇರಲಿ. ಅಲ್ಲಿ ಮೂಲದ್ದೇ ಬೇಕೆಂಬ ಹಟ ಪ್ರಾಣಕ್ಕೆ ಕುತ್ತು.

ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ತುಕ್ಕಿನ ಚಿಂತೆಯೇ ಇಲ್ಲ ಎಂದು ಹಲವರು ಸಲಹೆ ಕೊಡುತ್ತಾರೆ. ಸಾಮಾನ್ಯವಾಗಿ ಸಿಗುವ ಎ2-70 ದರ್ಜೆಯ ಸ್ಟೇನ್‌ಲೆಸ್ ಬೋಲ್ಟು 8.8ಕ್ಕಿಂತ ಮೆತ್ತಗೆ, ಬಿಗಿಮಾಡುವಾಗ ನಟ್ಟಿಗೆ ಅಂಟಿ ಸಿಕ್ಕಿಕೊಳ್ಳುವ ಸ್ವಭಾವ ಅದಕ್ಕಿದೆ, ಮತ್ತು ಅದರ ಹೊಳಪು ಹಳೆಯ ಕಾರಿನ ಮೇಲೆ ದೂರದಿಂದಲೇ ಬೇರೆಯಾಗಿ ಕಾಣುತ್ತದೆ.

ಹೊರನೋಟವನ್ನು ಮರಳಿ ತರುವುದು

ಉಳಿಸಿಕೊಂಡ ಮೂಲ ಬೋಲ್ಟುಗಳನ್ನು ಡೀಸೆಲ್ಲಿನಲ್ಲಿ ತೊಳೆದು, ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ನೀರಿನಲ್ಲಿ ಕರಗಿಸಿದ ತೆಳು ದ್ರಾವಣದಲ್ಲಿ ಕೆಲವು ಗಂಟೆ ಇಟ್ಟರೆ ತುಕ್ಕು ಬಿಡುತ್ತದೆ. ಹೈ-ಟೆನ್ಸೈಲ್ ಬೋಲ್ಟು ಮತ್ತು ಸ್ಪ್ರಿಂಗುಗಳನ್ನು ಮಾತ್ರ ಆಮ್ಲದಲ್ಲಿ ಹಾಕದೆ ತಂತಿಯ ಬ್ರಷ್ಷಿನಿಂದ ಉಜ್ಜಬೇಕು. ಹಳೆಯ ಬೋಲ್ಟುಗಳ ಬೂದುಬಣ್ಣದ ಮಂದ ಹೊಳಪು ಕ್ಯಾಡ್ಮಿಯಂ ಲೇಪದ್ದಾಗಿರಬಹುದು. ಕ್ಯಾಡ್ಮಿಯಂ ವಿಷ; ಅಂಥದ್ದನ್ನು ಒಣದಾಗಿ ಗ್ರೈಂಡರಿಗೆ ಹಿಡಿಯುವುದಾಗಲಿ ಬೆಂಕಿಗೆ ಕಾಯಿಸುವುದಾಗಲಿ ಕೂಡದು, ಒದ್ದೆಮಾಡಿ, ಕೈಗವಸು ಹಾಕಿಕೊಂಡು ಉಜ್ಜಬೇಕು.

ಮತ್ತೆ ಲೇಪ ಹಾಕಿಸಲು ತಿಳಿನೀಲಿ ಛಾಯೆಯ ಝಿಂಕ್ ಪ್ಲೇಟಿಂಗ್ ಸೂಕ್ತ, ಕ್ಯಾಡ್ಮಿಯಂ ನೋಟಕ್ಕೆ ಅದೇ ಹತ್ತಿರ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಹಳದಿ ಝಿಂಕ್ ಎಲ್ಲ ಕಾರಿಗೂ ಒಪ್ಪುವುದಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಪ್ಲೇಟಿಂಗ್ ಘಟಕಗಳು ಹಲವಿವೆ. ಬಿಡಿಬಿಡಿಯಾಗಿ ಕಳಿಸದೆ ಇಡೀ ಕಾರಿನ ಬೋಲ್ಟುಗಳನ್ನು ಒಂದೇ ಸಲ ಕೊಟ್ಟರೆ ಬಣ್ಣವೂ ಒಂದೇ ಬರುತ್ತದೆ. 10.9 ಮತ್ತು ಅದಕ್ಕಿಂತ ಗಟ್ಟಿ ಬೋಲ್ಟುಗಳಿದ್ದರೆ ಪ್ಲೇಟಿಂಗ್ ಆದ ಕೆಲವೇ ಗಂಟೆಗಳೊಳಗೆ, ನೀಲಿ ಛಾಯೆ ಕೊಡುವ ಪ್ಯಾಸಿವೇಷನ್ ಎಂಬ ಕೊನೆಯ ಹಂತಕ್ಕೆ ಮೊದಲು, ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹಲವು ಗಂಟೆ ಕಾಯಿಸಬೇಕೆಂದು ಬರೆದುಕೊಡಿ. ಪ್ಲೇಟಿಂಗ್ ವೇಳೆ ಉಕ್ಕಿನೊಳಗೆ ಹೊಕ್ಕ ಹೈಡ್ರೋಜನ್ ಹೊರಹೋಗದಿದ್ದರೆ ಬೋಲ್ಟು ಬಿಗಿಮಾಡಿದ ಎಷ್ಟೋ ಹೊತ್ತಿನ ನಂತರ ತಾನಾಗಿ ತುಂಡಾಗಬಹುದು. ಆ ವ್ಯವಸ್ಥೆ ಇಲ್ಲದ ಘಟಕಕ್ಕೆ ಅಂಥ ಬೋಲ್ಟುಗಳನ್ನು ಕೊಡಬೇಡಿ.

ಕಳಿಸುವ ಮೊದಲು ಎಲ್ಲವನ್ನೂ ಎಣಿಸಿ, ಒಂದು ಬಟ್ಟೆಯ ಮೇಲೆ ಹರಡಿ ಅಳತೆಗೋಲಿನ ಜೊತೆ ಫೋಟೊ ತೆಗೆದು, ಪಟ್ಟಿಯ ಒಂದು ಪ್ರತಿಯನ್ನು ಅವರಿಗೂ ಕೊಟ್ಟಿರಬೇಕು, ಏಕೆಂದರೆ ಪ್ಲೇಟಿಂಗ್ ಮಾಡುವ ತಿರುಗುವ ಪೀಪಾಯಿಯಲ್ಲಿ ಸಣ್ಣ ಸ್ಕ್ರೂಗಳು ಬೇರೆಯವರ ಸಾಮಾನಿನೊಂದಿಗೆ ಬೆರೆತು ಹೋಗುತ್ತವೆ. ಮರಳಿ ಬಂದ ಮೇಲೆ ಫೋಟೊಕ್ಕೆ ಹೋಲಿಸಿ ಮತ್ತೆ ಅದೇ ಚೀಟಿಯ ಚೀಲಗಳಿಗೆ ಹಾಕಿಡಿ. ಲೇಪದಿಂದ ಥ್ರೆಡ್ ತುಸು ದಪ್ಪವಾಗಿರುವುದರಿಂದ, ಜೋಡಿಸುವ ಮೊದಲು ಕಾರಿನ ತೂತುಗಳಲ್ಲಿ ಅದೇ ಅಳತೆಯ ಟ್ಯಾಪನ್ನು ಎಣ್ಣೆ ಹಚ್ಚಿ ಕೈಯಿಂದ ಆಡಿಸಿ ಹಳೆಯ ಬಣ್ಣ, ತುಕ್ಕುಗಳನ್ನು ತೆಗೆಯಬೇಕು. ಪ್ರತಿ ಬೋಲ್ಟೂ ಪಾನಾ ಇಲ್ಲದೆ ಬರಿಗೈಯಿಂದ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಅಲ್ಲಿಯೇ ನಿಲ್ಲಿಸಿ, ಬಿಚ್ಚಿ, ಮತ್ತೆ ಪಿಚ್ ಗೇಜನ್ನು ಇಟ್ಟು ನೋಡಿ.